ಅಮ್ಮ ಎ, ಅಪ್ಪ ಬಿ, ಮಗಳು ಓ: ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಪ್ರಶ್ನೆ: ಡಾಕ್ಟರ್ ಮೇಡಂ, ನಾನು ಎ ಪಾಸಿಟಿವ್, ನಮ್ಮ ಮನೆಯವರು ಬಿ ಪಾಸಿಟಿವ್. ಮಗಳಿಗೆ ಡೆಂಗಿ ಬಂದು ಅಡ್ಮಿಟ್ ಮಾಡಿದಾಗ ರಕ್ತ ನೋಡಿ ಓ ನೆಗೆಟಿವ್ ಅಂದರು. ಅಂದಿನಿಂದ ಅತ್ತೆಯವರು “ನಮ್ಮ ವಂಶದಲ್ಲೇ ಇಲ್ಲದ ರಕ್ತ ಇವಳಿಗೆ ಎಲ್ಲಿಂದ ಬಂತು” ಅಂತ ಚುಚ್ಚುತ್ತಾರೆ. ಮನೆಯವರೂ ಮಾತು ಕಡಿಮೆ ಮಾಡಿದ್ದಾರೆ. ಹೀಗಾಗುವುದು ಸಾಧ್ಯವೇ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ಸಾಧ್ಯ, ತಂಗಿ. ಈ ಪುಟವನ್ನು ನಿಮ್ಮ ಮನೆಯವರ ಕೈಗೂ ಕೊಡಿ. ಅವರೂ ಓದಲಿ ಅಂತಲೇ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಮೆಂಡಲ್‌ನ ಬಟಾಣಿ ಪಾಠ ಎಲ್ಲರೂ ಓದಿರುತ್ತೀರಿ. ಎರಡು ಗುಣ, ಒಂದು ಮೇಲಾದರೆ ಇನ್ನೊಂದು ಅಡಗುತ್ತದೆ. ರಕ್ತದ ಗುಂಪು ಅಷ್ಟಕ್ಕೇ ಮುಗಿಯುವುದಿಲ್ಲ. ಇಲ್ಲಿ ಜೀನಿನ ರೂಪಗಳು ಮೂರು: ಎ, ಬಿ, ಓ. ಅದರಲ್ಲಿ ಒಬ್ಬೊಬ್ಬರಿಗೆ ಸಿಗುವುದು ಎರಡು, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎ ಜೀನು ಕೆಂಪು ರಕ್ತಕಣದ ಮೇಲೆ ಒಂದು ಬಗೆಯ ಸಕ್ಕರೆ ಅಂಟಿಸುತ್ತದೆ. ಬಿ ಜೀನು ಬೇರೆ ಬಗೆಯದು. ಓ ಏನನ್ನೂ ಅಂಟಿಸುವುದಿಲ್ಲ. ಎ ಮತ್ತು ಬಿ ಜೊತೆಯಾದರೆ ಯಾವುದೂ ಅಡಗುವುದಿಲ್ಲ, ಎರಡೂ ತಮ್ಮ ಕೆಲಸ ಮಾಡುತ್ತವೆ. ಅದೇ ಎಬಿ ಗುಂಪು. ಓ ಮಾತ್ರ ಎ ಜೊತೆಗಿದ್ದರೂ ಬಿ ಜೊತೆಗಿದ್ದರೂ ಹೊರಗೆ ಕಾಣುವುದಿಲ್ಲ. ಈ ಮೂರರ ಲೆಕ್ಕವನ್ನು 1924ರಲ್ಲಿ ಬಿಡಿಸಿದವರು ಡಾಕ್ಟರಲ್ಲ, ಫೆಲಿಕ್ಸ್ ಬರ್ನ್‌ಸ್ಟೈನ್ ಎಂಬ ಜರ್ಮನಿಯ ಗಣಿತಜ್ಞ.

ನಾನು ಬ್ಲಡ್ ಬ್ಯಾಂಕಿನಲ್ಲಿದ್ದವಳು. ಗುಂಪು ಹೇಗೆ ನೋಡುತ್ತೇವೆ ಅಂತ ಹೇಳಿಬಿಡುತ್ತೇನೆ. ಗಾಜಿನ ಸ್ಲೈಡ್ ಮೇಲೆ ಎರಡು ಹನಿ ರಕ್ತ. ಒಂದಕ್ಕೆ ನೀಲಿ ದ್ರಾವಣ, ಅದು ಆಂಟಿ-ಎ, ಎ ಸಕ್ಕರೆ ಇರುವ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಇನ್ನೊಂದಕ್ಕೆ ಹಳದಿ, ಅದು ಆಂಟಿ-ಬಿ, ಬಿ ಇರುವ ಕಣಗಳಿಗೆ ಹಾಗೆಯೇ. ಕಡ್ಡಿಯಲ್ಲಿ ಕಲಸಿ, ಸ್ಲೈಡನ್ನು ಮೆಲ್ಲಗೆ ಆಚೀಚೆ ವಾಲಿಸುತ್ತೇವೆ. ನಿಮ್ಮ ರಕ್ತ ನೀಲಿಯಲ್ಲಿ ಕಾಳುಕಾಳಾಗುತ್ತದೆ, ಹಳದಿಯಲ್ಲಿ ನಯವಾಗಿಯೇ ಉಳಿಯುತ್ತದೆ. ಅಷ್ಟು ನೋಡಿ ‘ಎ’ ಅಂತ ಬರೆಯುತ್ತೇವೆ. ಜೊತೆಗಿರುವುದು ಇನ್ನೊಂದು ಎ ಜೀನೋ, ಓ ಜೀನೋ, ಸ್ಲೈಡಿನಲ್ಲಿ ಗೊತ್ತಾಗುವುದಿಲ್ಲ.

ನೀವು ಎ-ಓ, ಅವರು ಬಿ-ಓ ಆಗಿದ್ದರೆ ಎ, ಬಿ, ಎಬಿ, ಓ ನಾಲ್ಕೂ ಗುಂಪಿನ ಮಕ್ಕಳು ಹುಟ್ಟಬಹುದು. ಪ್ರತಿ ಗುಂಪಿಗೂ 4ರಲ್ಲಿ 1 ಸಾಧ್ಯತೆ. ನೆಗೆಟಿವ್ ವಿಷಯ ಬಟಾಣಿಯದೇ ದಾರಿ: ಪಾಸಿಟಿವ್ ಇರುವ ಇಬ್ಬರಲ್ಲೂ ಅದು ಅಡಗಿದ್ದರೆ 4ರಲ್ಲಿ 1. ಎರಡೂ ಒಂದೇ ಮಗುವಿಗೆ ಬರುವುದು 16ರಲ್ಲಿ 1. ಇದೇನು ದೊಡ್ಡ ವಿಚಿತ್ರವಲ್ಲ.

ಇನ್ನು ವಂಶದ ಮಾತು. ಮಗುವಿನ ಒಂದು ಓ ನಿಮ್ಮದು, ಇನ್ನೊಂದು ನಿಮ್ಮ ಗಂಡನದು. ಅವರಿಗೆ ಅದು ಬಂದದ್ದು ನಿಮ್ಮ ಅತ್ತೆಯಿಂದ, ಇಲ್ಲವೇ ಮಾವನಿಂದ. ಅವರಿಬ್ಬರ ಕಾರ್ಡಿನಲ್ಲೂ ಓ ಇಲ್ಲದೆ ಇರಬಹುದು, ಆದರೂ ಒಬ್ಬರ ಒಳಗಾದರೂ ಇದ್ದೇ ಇರುತ್ತದೆ. ಲ್ಯಾಬಿನ ಒಂದು ಚೀಟಿ ಹಿಡಿದುಕೊಂಡು ಸೊಸೆಯ ನಡತೆ ಅಳೆಯುವುದು ಅನ್ಯಾಯ. ಇಂಥ ಪತ್ರ ಓದಿದಾಗ ನನಗೆ ಸಂಕಟವೂ ಆಗುತ್ತದೆ, ಸಿಟ್ಟೂ ಬರುತ್ತದೆ. ಆ ಮಗು ಈ ಮಾತು ಕೇಳಿಸಿಕೊಂಡು ಬೆಳೆಯಬಾರದು, ಅಲ್ವಾ?

ಮಗಳ ಗುಂಪನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಬರೆದಿಡಿ. ಅವಳಿಗೆ ರಕ್ತ ಬೇಕಾದರೆ ಓ ನೆಗೆಟಿವ್ವೇ ಹುಡುಕಬೇಕು. ಮುಂದೆ ಬಸುರಿಯಾದಾಗ, ಹೊಟ್ಟೆಯ ಮಗು ಪಾಸಿಟಿವ್ ಇದ್ದರೆ ಅದರ ರಕ್ತಕ್ಕೆ ಅವಳ ಮೈ ಎದುರು ಬೀಳದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು, ಡಾಕ್ಟರಿಗೆ ಮೊದಲೇ ಹೇಳಬೇಕು.

ಪ್ರಶ್ನೆ: ನನ್ನ ತಮ್ಮನ ಕಾರ್ಡಿನಲ್ಲಿ ಓ ಪಾಸಿಟಿವ್ ಅಂತಿದೆ. ಆಪರೇಷನ್ ಸಮಯದಲ್ಲಿ ಯಾವ ಓ ರಕ್ತವೂ ಹೊಂದಲಿಲ್ಲ. ಕೊನೆಗೆ ‘ಬಾಂಬೆ ಗುಂಪು’ ಅಂದರು. ಅವನ ಹೆಂಡತಿ ಓ, ಮಗ ಎ. ಏನಿದು?
— ಒಬ್ಬ ಓದುಗ, ಕುಂದಾಪುರ

ಉತ್ತರ: 1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಮೊದಲು ಗುರುತಿಸಿದ ಗುಂಪು ಇದು. ಹಾಗಾಗಿ ಆ ಹೆಸರು. ಎ, ಬಿ ಸಕ್ಕರೆಗಳು ರಕ್ತಕಣಕ್ಕೆ ನೇರವಾಗಿ ಅಂಟುವುದಿಲ್ಲ, ಎಚ್ ಎಂಬ ವಸ್ತುವಿನ ಮೇಲೆ ಅಂಟುತ್ತವೆ. ಎಚ್ ಮಾಡುವ ಜೀನೇ ಬೇರೆ, ಅದಿರುವ ಕ್ರೋಮೋಸೋಮೂ ಬೇರೆ. ಅದರ ಎರಡೂ ಪ್ರತಿ ಕೆಟ್ಟಿದ್ದರೆ ಎಚ್ ಇಲ್ಲ. ಗೋಡೆಯಲ್ಲಿ ಗೂಟವೇ ಇಲ್ಲದಿದ್ದರೆ ಅಂಗಿ ತೂಗುಹಾಕುವುದೆಲ್ಲಿ? ನಿಮ್ಮ ತಮ್ಮನಲ್ಲಿ ಎ ಜೀನು ಇದೆ, ಆದರೆ ಸ್ಲೈಡಿನಲ್ಲಿ ಓ ಥರ ಕಾಣುತ್ತದೆ. ಮಗನಿಗೆ ತಾಯಿಯಿಂದ ಸರಿಯಾದ ಎಚ್ ಜೀನು ಸಿಕ್ಕಿತು, ತಂದೆಯ ಎ ಹೊರಗೆ ಬಂತು. ಒಂದು ಜೀನು ಇನ್ನೊಂದರ ಬಾಯಿ ಮುಚ್ಚಿಸುವುದು ಅಂದರೆ ಇದೇ.

ಓ ರಕ್ತದಲ್ಲಿ ಎಚ್ ತುಂಬಾ ಇರುತ್ತದೆ. ನಿಮ್ಮ ತಮ್ಮನ ಮೈ ಅದನ್ನು ಪರಕೀಯ ಅಂತ ತಿಳಿದು ಎದುರು ಬೀಳುತ್ತದೆ. ಅವರಿಗೆ ಬಾಂಬೆ ಗುಂಪಿನ ರಕ್ತವೇ ಆಗಬೇಕು. ನಮ್ಮ ದೇಶದಲ್ಲಿ ಈ ಗುಂಪು ಸುಮಾರು 10,000 ಜನರಲ್ಲಿ ಒಬ್ಬರಿಗೆ. ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಸಾಧ್ಯತೆ ಜಾಸ್ತಿ.

ಈಗ ನಿಮ್ಮ ವಿಷಯ. ಒಡಹುಟ್ಟಿದವರಿಗೂ ಇದು ಬಂದಿರುವ ಸಾಧ್ಯತೆ 4ರಲ್ಲಿ 1. ನಿಮ್ಮ ಕಾರ್ಡಿನಲ್ಲಿ ಎ, ಬಿ ಅಥವಾ ಎಬಿ ಇದ್ದರೆ ಚಿಂತೆಯಿಲ್ಲ. ಓ ಅಂತಿದ್ದರೆ ಮಾತ್ರ ಸುಮ್ನೆ ಕೂರಬೇಡಿ, ದೊಡ್ಡ ಬ್ಲಡ್ ಬ್ಯಾಂಕಿಗೆ ಹೋಗಿ, ಎಚ್ ಇದೆಯೋ ಇಲ್ಲವೋ ನೋಡುವ ಆಂಟಿ-ಎಚ್ ಪರೀಕ್ಷೆ ಮಾಡಿಸಿ. ನೀವೂ ಬಾಂಬೆ ಗುಂಪಾದರೆ ತಮ್ಮನ ಹೆಸರಿನ ಜೊತೆ ನಿಮ್ಮ ಹೆಸರನ್ನೂ ಅಲ್ಲಿ ದಾನಿಗಳ ಪಟ್ಟಿಯಲ್ಲಿ ಬರೆಸಿ ಬನ್ನಿ.