ದೂರ ಅಳೀಬೇಡಿ, ದಾಟೋ ರಸ್ತೆ ಎಣಿಸಿ

ಈ ಸಲದ ಪತ್ರ ತೀರ್ಥಹಳ್ಳಿ ಕಡೆಯ ಓದುಗರೊಬ್ರದ್ದು. ನಾಲ್ಕು ಪುಟ ಇದೆ, ಚಿಕ್ಕದಾಗಿ ಹೇಳ್ತೀನಿ. ಯಜಮಾನ್ರಿಗೆ ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಿದೆ, ಆಫೀಸು ಎಂಜಿ ರೋಡ್ ಹತ್ರ. ಮಗಳು ಎರಡನೇ ಕ್ಲಾಸು. ಅತ್ತೆಗೆ 68 ವರ್ಷ, ಮಂಡಿ ನೋವು, ಆದ್ರೆ ದಿನಾ ಒಂದು ಸುತ್ತು ಹೊರಗೆ ಹೋಗ್ಲಿಲ್ಲ ಅಂದ್ರೆ ಊಟ ಸೇರಲ್ಲ. ಕಾರಿಲ್ಲ, ತಗೊಳ್ಳೋ ಆಸೆನೂ ಇಲ್ಲ. "ಹಾಲು, ತರಕಾರಿ, ಶಾಲೆ ಎಲ್ಲ ನಡ್ಕೊಂಡೇ ಮುಗಿಯೋ ಅಂಥ ಏರಿಯಾ ಬೆಂಗಳೂರಲ್ಲಿ ಇದ್ಯಾ, ಇದ್ರೆ ಹೆಸರು ಹೇಳಿ" ಅಂತ ಕೇಳಿದಾರೆ.

ಸಂಪಾದಕರ ಉತ್ತರ

ನಮಸ್ಕಾರ ಮೇಡಂ. ಹೆಸರು ಹೇಳ್ತೀನಿ, ಆದ್ರೆ ಅದಕ್ಕೆ ಮೊದ್ಲು ನನ್ನದೇ ಒಂದು ಕತೆ ಕೇಳ್ಬಿಡಿ, ಯಾಕಂದ್ರೆ ನಾನು ಮಾಡಿದ ತಪ್ಪು ನೀವು ಮಾಡೋದು ಬೇಡ.

ಪತ್ರಿಕೆ ಕೆಲಸ ಅಂತ ನಾನೂ ಕೆಲವು ವರ್ಷ ಬೆಂಗಳೂರಲ್ಲಿ ಇದ್ದೆ. ಮನೆ ನೋಡುವಾಗ ತರಕಾರಿ ಮಾರ್ಕೆಟ್ ಎಷ್ಟು ದೂರ ಅಂತ ಕೇಳಿದ್ದಕ್ಕೆ ಓನರ್ರು "ಇಲ್ಲೇ ಸಾರ್, ಎದುರುಗಡೆ" ಅಂದ್ರು, ಸುಳ್ಳೇನಲ್ಲ, ಬಾಲ್ಕನಿಯಿಂದ ಟೊಮೆಟೊ ಬುಟ್ಟಿ ಕಾಣ್ತಿತ್ತು. ಮಧ್ಯೆ ಒಂದು ದೊಡ್ಡ ರೋಡು ಇತ್ತು ಅಷ್ಟೇ. ನಡುವೆ ಕಬ್ಬಿಣದ ಬೇಲಿ, ಸಿಗ್ನಲ್ ಅತ್ಲಾಗೆ ಅರ್ಧ ಕಿಲೋಮೀಟರು, ಇತ್ಲಾಗೆ ಅರ್ಧ ಕಿಲೋಮೀಟರು. ಸಾಗರದಿಂದ ಅಮ್ಮ ಬಂದು ಮೂರು ತಿಂಗಳು ಇದ್ರು, ಆ ಮೂರು ತಿಂಗಳಲ್ಲಿ ಅವ್ರು ಒಬ್ರೇ ಒಂದ್ಸಲನೂ ಆ ಕಡೆ ಹೋಗ್ಲಿಲ್ಲ. ಊರಲ್ಲಿ ಮಳೆಗಾಲದಲ್ಲಿ ಹಳ್ಳ ತುಂಬಿ ಹರೀತಿರುವಾಗ ಎರಡು ಅಡಿಕೆ ಮರದ ಸಂಕ ದಾಟಿ ತೋಟಕ್ಕೆ ಹೋಗ್ತಿದ್ದ ಹೆಂಗಸು ಮಾರಾಯ್ರೆ! "ಸಂಕ ಅಲ್ಲಾಡಿದ್ರೂ ನನ್ನ ಮೇಲೆ ಬರಲ್ಲಪ್ಪ, ಇದು ಬರುತ್ತೆ" ಅಂತಿದ್ರು.

ಅವತ್ತಿಂದ ನಂದು ಒಂದೇ ಲೆಕ್ಕ. ಎಷ್ಟು ಕಿಲೋಮೀಟರು ಅಂತ ಯಾರನ್ನೂ ಕೇಳಲ್ಲ, ಎಷ್ಟು ದೊಡ್ಡ ರಸ್ತೆ ದಾಟ್ಬೇಕು ಅಂತ ಕೇಳ್ತೀನಿ. ಮಲೆನಾಡಿನವ್ರಿಗೆ ಒಂದು ಕಿಲೋಮೀಟರು ಎಂತ ದೂರ ಹೇಳಿ? ಶಾಲೆಗೆ ಅದರ ಮೂರರಷ್ಟು ನಡೆದವ್ರು ನಾವು. (ಈಗ ನೋಡಿದ್ರೆ ಗೋಪಿ ಸರ್ಕಲ್‌ನಿಂದ ಗಾಂಧಿ ಬಜಾರಿಗೆ ಹೋಗೋಕೂ ಶಿವಮೊಗ್ಗದವ್ರು ಸ್ಕೂಟರ್ ತೆಗೀತಾರೆ, ನಾನೂ ಸೇರಿ, ಅದು ಬಿಡಿ.) ಮೊಬೈಲ್ ಮ್ಯಾಪಲ್ಲಿ "ನಡೆದು 6 ನಿಮಿಷ" ಅಂತ ತೋರ್ಸುತ್ತೆ, ಆದ್ರೆ ಆ ಆರು ನಿಮಿಷದಲ್ಲಿ ಎರಡನೇ ಕ್ಲಾಸಿನ ಮಗು ಕೈ ಹಿಡ್ಕೊಂಡು ಎಷ್ಟೊತ್ತು ರೋಡ್ ಅಂಚಲ್ಲಿ ನಿಂತಿರ್ತೀರಿ ಅನ್ನೋದು ಅದಕ್ಕೆ ಗೊತ್ತಿಲ್ಲ. ಸ್ಕೈವಾಕ್ ಇದೆ ಅಂತಾರೆ, ಮಂಡಿ ನೋವಿನ ಅತ್ತೆಗೆ ಅದು ಇದ್ದೂ ಇಲ್ಲದ ಹಾಗೆ. ಲಿಫ್ಟ್ ಇದ್ರೆ ನಡೀತಿದ್ಯಾ ಅಂತ ಒಂದ್ಸಲ ಹತ್ತಿ ನೋಡಿ.

ಈಗ ಹೆಸರುಗಳು. ಬಸವನಗುಡಿ, ಮಲ್ಲೇಶ್ವರ ಎರಡನ್ನೂ ಎಲ್ರೂ ಹೇಳ್ತಾರೆ, ನಾನೂ ಅದನ್ನೇ ಹೇಳೋದು, ಆದ್ರೆ ಕಾರಣ ಗೊತ್ತಿದ್ರೆ ಬೇರೆ ಏರಿಯಾ ನೋಡುವಾಗಲೂ ಉಪಯೋಗಕ್ಕೆ ಬರುತ್ತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಪೇಟೆ ಒಳಗಿನ ಇಕ್ಕಟ್ಟಿಂದ ಜನ ಹೊರಗೆ ಬರ್ಲಿ, ಗಾಳಿ ಬೆಳಕು ಸಿಗ್ಲಿ ಅಂತ ಇವೆರಡು ಬಡಾವಣೆ ಮಾಡಿದ್ರು. ಆಗ ಯಾರ ಹತ್ರ ಕಾರಿತ್ತು? ನಡೆಯೋರ ಲೆಕ್ಕದಲ್ಲೇ ದೇವಸ್ಥಾನ, ಮಾರ್ಕೆಟ್ಟು, ಶಾಲೆ ಎಲ್ಲ ಕೂತ್ಕೊಂಡಿದೆ. ಅದಕ್ಕಿಂತ ಮುಖ್ಯ ಅಂದ್ರೆ ಮೇನು, ಕ್ರಾಸು ಅಂತ ಚೌಕಾಬಾರದ ಮನೆ ಹಾಗೆ ರಸ್ತೆ ಹಾಕಿದಾರೆ, ಮಲ್ಲೇಶ್ವರದ ಸಂಪಿಗೆ ರಸ್ತೇಲಿ ಗಲಾಟೆ ಅನ್ಸಿದ್ರೆ ಒಂದು ಮೇನ್ ಒಳಗೆ ಸರಿದು ಮರದ ನೆರಳಲ್ಲೇ ಹೋಗ್ಬಹುದು. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆ ಈ ಅನುಕೂಲ ಕಮ್ಮಿ, ಅಲ್ಲಿ ಎಷ್ಟೋ ಕಡೆ ಹಳ್ಳಿ ರಸ್ತೆ ಪಕ್ಕದಲ್ಲೇ ದೊಡ್ಡ ಅಪಾರ್ಟ್‌ಮೆಂಟ್ ಬಂದಿದೆ, ಗೇಟ್ ಒಳಗೆ ವಾಕಿಂಗ್ ಟ್ರ್ಯಾಕ್ ಇರುತ್ತೆ, ಗೇಟ್ ಹೊರಗೆ ಕಾಲಿಟ್ರೆ ಟ್ಯಾಂಕರ್ ಲಾರಿ. ಸುತ್ತು ಹೊಡೆಯೋಕೆ ಅದು ಸಾಕು, ಕೊತ್ತಂಬರಿ ಸೊಪ್ಪು ತರೋಕೆ ಸಾಲಲ್ಲ.

ನಿಮ್ಮ ಮನೇಗೆ ಅಂತ ಕೇಳಿದ್ರೆ ನಾನು ಬಸವನಗುಡಿ ಕಡೆ ವಾಲ್ತೀನಿ. ಅಲ್ಲೂ ಒಂದು ಗಾಂಧಿ ಬಜಾರ್ ಇದೆ, ನಮ್ಮದರ ಹಾಗೇ ಹೂವು, ಹಣ್ಣು, ಗ್ರಂಥಿಗೆ ಅಂಗಡಿ ಎಲ್ಲ ಒಂದೇ ಕಡೆ, ಇತ್ತೀಚೆಗೆ ಅಲ್ಲಿ ಫುಟ್‌ಪಾತ್‌ನೂ ಅಗಲ ಮಾಡಿದಾರೆ. ಅತ್ತೆ ಹೋಗಿ ಕೂರೋಕೆ ಬ್ಯೂಗಲ್ ರಾಕ್ ಪಾರ್ಕು, ದೊಡ್ಡ ಗಣಪತಿ, ಕಾರ್ತಿಕದ ಕೊನೇ ಸೋಮವಾರ ಕಡ್ಲೆಕಾಯಿ ಪರಿಷೆ. ಯಜಮಾನ್ರು ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಹಸಿರು ಲೈನ್ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿದ್ರೆ ಎಂಜಿ ರೋಡು.

ಮಲ್ಲೇಶ್ವರದಲ್ಲಿ ಎರಡು ತೊಡಕು. ಒಂದು, ಏರು ಇಳುಕಲು ಜಾಸ್ತಿ, ನಮಗೆ ಅದೊಂದು ಏರೇ ಅಲ್ಲ, ಮಂಡಿಗೆ ಕೇಳಿ ನೋಡಿ. ಇನ್ನೊಂದು, "ಮೆಟ್ರೋ ಇದೆ" ಅಂತ ಬ್ರೋಕರ್ ಹೇಳೋದು ದಕ್ಷಿಣದ ತುದೀಲಿರೋ ಸಂಪಿಗೆ ರಸ್ತೆ ಸ್ಟೇಷನ್ನು, 18ನೇ ಕ್ರಾಸಿನಿಂದ ಅಲ್ಲಿಗೆ ನಡೆದು ಹೋಗೋಕೆ ಹತ್ರ ಹತ್ರ ಅರ್ಧ ಗಂಟೆ. ಎಂಟನೇ ಕ್ರಾಸ್ ಆಸುಪಾಸು ಸಿಕ್ಕಿದ್ರೆ ಬಿಡ್ಬೇಡಿ. ಜಯನಗರದ ಬಗ್ಗೆ ಜಾಸ್ತಿ ಹೇಳಲ್ಲ, ನೆರಳು ಚೆನ್ನಾಗಿದೆ, ಬಾಡಿಗೆ ಚೆನ್ನಾಗಿಲ್ಲ.

ಬಾಡಿಗೆ ವಿಷಯ ಬಂತಲ್ಲ, ಈ ಮೂರೂ ಕಡೆ ಕೈ ಸುಡುತ್ತೆ. ಅದಕ್ಕೇ ಅಂಚಿನ ಏರಿಯಾ ನೋಡಿ: ಬಸವನಗುಡಿ ಪಕ್ಕ ಹನುಮಂತನಗರ, ತ್ಯಾಗರಾಜನಗರ, ಮಲ್ಲೇಶ್ವರದ ಪಕ್ಕ ಗಾಯತ್ರಿನಗರ, ಶ್ರೀರಾಂಪುರ. ಹನುಮಂತನಗರದಲ್ಲಿ ಗುಡ್ಡ ಇದೆ ಅಂತ ಮೊದಲೇ ಹೇಳಿರ್ತೀನಿ. ವಿಜಯನಗರನೂ ಮರೀಬೇಡಿ, ಅಲ್ಲಿಂದ ನೇರಳೆ ಮೆಟ್ರೋ ಎಂಜಿ ರೋಡಿಗೆ ನೇರ ಹೋಗುತ್ತೆ, ಬದಲಾಯ್ಸೋ ತಾಪತ್ರಯ ಇಲ್ಲ. ಹಸಿರು ಲೈನಲ್ಲಿ ಮೆಜೆಸ್ಟಿಕ್ ಕಡೆಯಿಂದ ಹೋದ್ರೆ ರಾಜಾಜಿನಗರಕ್ಕಿಂತ ಮೊದ್ಲೇ ಕುವೆಂಪು ರಸ್ತೆ ಅಂತಾನೇ ಒಂದು ಸ್ಟೇಷನ್ ಇದೆ, ತೀರ್ಥಹಳ್ಳಿಯವ್ರಿಗೆ ಹೇಳದೆ ಇರೋಕಾಗ್ಲಿಲ್ಲ.

ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳೋ ಅಭ್ಯಾಸ ಇದೆ, ಚೌಕಾಸಿ ಮಾಡಿ, ಇಳೀತಾರೆ. ಹಳೇ ಏರಿಯಾದಲ್ಲಿ ಎಷ್ಟೋ ಮನೆ ಆ್ಯಪಿಗೆ ಬರೋದೇ ಇಲ್ಲ, ಗೇಟಿಗೆ ಟು-ಲೆಟ್ ಬೋರ್ಡ್ ನೇತು ಹಾಕಿ ವಯಸ್ಸಾದ ಓನರ್ರು ಒಳಗೆ ಕೂತಿರ್ತಾರೆ. ಯಾವ ಮನೆ ಖಾಲಿ, ಯಾವ ರಸ್ತೇಲಿ ಮಳೆ ನೀರು ನಿಲ್ಲುತ್ತೆ, ಎಲ್ಲಿ ನಾಯಿ ಕಾಟ, ಇದೆಲ್ಲ ಬ್ರೋಕರ್‌ಗಿಂತ ಮೂಲೇಲಿರೋ ಇಸ್ತ್ರಿ ಅಂಗಡಿಯವ್ರಿಗೆ ಚೆನ್ನಾಗಿ ಗೊತ್ತಿರುತ್ತೆ.

ಫುಟ್‌ಪಾತ್ ಬಗ್ಗೆ ಒಂದು ಮಾತು. ರಸ್ತೆ ಹೇಗಿರ್ಬೇಕು ಅಂತ ಅಳತೆ ಗೊತ್ತು ಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಅಡೆತಡೆ ಇಲ್ಲದ ಜಾಗನೇ ಕಮ್ಮಿ ಅಂದ್ರೂ 1.8 ಮೀಟರ್ ಅಗಲ ಇರ್ಬೇಕು, ರಸ್ತೆಯಿಂದ ಫುಟ್‌ಪಾತ್ ಎತ್ತರ 150 ಮಿಲಿಮೀಟರ್ ಮೀರಬಾರ್ದು. ಕಾಗದದ ಮೇಲೆ. ಬೆಂಗಳೂರಲ್ಲಿ ಕಾಣೋದು ಚರಂಡಿ ಮೇಲೆ ಹಾಸಿದ ಚಪ್ಪಡಿ, ಅದರ ಮೇಲೆ ಟ್ರಾನ್ಸ್‌ಫಾರ್ಮರ್ರು, ಬೈಕು, ಪ್ರತಿ ಮನೆ ಗೇಟಿಗೂ ಹತ್ತಿ ಇಳಿಯೋ ದಿಬ್ಬ. ಆದ್ರೆ ಒಳಗಿನ ಕ್ರಾಸಲ್ಲಿ ವಾಹನ ಕಮ್ಮಿ ಇದ್ರೆ ಫುಟ್‌ಪಾತ್ ಇಲ್ದೇ ಇದ್ರೂ ನಡೀಬಹುದು, ನಮ್ಮ ಶಿವಮೊಗ್ಗದ ದುರ್ಗಿಗುಡಿ ಒಳ ರಸ್ತೇಲಿ ನಡೀತೀವಲ್ಲ ಹಂಗೆ. ನೀವು ಹುಷಾರಾಗಿರ್ಬೇಕಾದ್ದು ಮೇನ್ ರೋಡಿಗೆ ಮುಖ ಮಾಡಿರೋ ಮನೆ ವಿಷಯದಲ್ಲಿ.

ಶಾಲೆ ಮೊದಲು, ಮನೆ ಆಮೇಲೆ. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ ಶಾಲೆ ಇರ್ಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾದರಿ ನಿಯಮದಲ್ಲಿದೆ, ಖಾಸಗಿ ಶಾಲೆ ಆದ್ರೂ ನೀವು ಅದೇ ಅಳತೆ ಇಟ್ಕೊಳಿ. ಸೀಟ್ ಸಿಕ್ಕಿದ ಮೇಲೆ ಶಾಲೆ ಇರೋ ಬದೀಲೇ, ಅಂದ್ರೆ ದೊಡ್ಡ ರೋಡಿನ ಅದೇ ಪಕ್ಕದಲ್ಲೇ, ಮನೆ ಹುಡುಕಿ. ಬೇಕಾದ್ರೆ ಮೆಟ್ರೋಗೆ ಹೋಗೋಕೆ ಯಜಮಾನ್ರು ಒಂದು ರಸ್ತೆ ದಾಟ್ಲಿ, ಅವ್ರಿಗೇನಾಗಲ್ಲ.

ಮನೆ ನೋಡೋಕೆ ಭಾನುವಾರ ಹೋಗ್ಬೇಡಿ, ಭಾನುವಾರ ಬೆಳಿಗ್ಗೆ ಬೆಂಗಳೂರು ಎಲ್ಲ ಕಡೆನೂ ಚಂದ ಕಾಣುತ್ತೆ. ತಾಳಗುಪ್ಪದಿಂದ ಬರೋ ರಾತ್ರಿ ರೈಲನ್ನ ಶಿವಮೊಗ್ಗದಲ್ಲಿ ಹತ್ತಿದ್ರೆ ಬೆಳಗಿನ ಜಾವ ಅಲ್ಲಿರ್ತೀರಿ. ತಿಂಡಿ ತಿಂದು, ಶಾಲೆ ಶುರುವಾಗೋ ಎಂಟೂವರೆ ಹೊತ್ತಿಗೆ ಆ ರಸ್ತೇಲಿ ನಿಂತ್ಕೊಳ್ಳಿ, ಸಂಜೆ ಏಳು ಗಂಟೆಗೆ ಲೈಟ್ ಹತ್ತುತ್ತಾ ಅಂತ ಇನ್ನೊಂದ್ಸಲ ನೋಡಿ. ಮತ್ತೆ ಅತ್ತೇನ ಮನೇಲಿ ಬಿಟ್ಟು ಹೋಗ್ಬೇಡಿ. ಅಡ್ವಾನ್ಸ್ ಕೊಡೋ ಮೊದ್ಲು ಅವ್ರ ಕೈಗೆ ಐವತ್ತು ರೂಪಾಯಿ ಕೊಟ್ಟು, ನೀವು ಗೇಟ್ ಹತ್ರನೇ ನಿಂತು, ಒಬ್ರೇ ಹೋಗಿ ಹಾಲಿನ ಪ್ಯಾಕೆಟ್ ತಗೊಂಡು ಬನ್ನಿ ಅಂತ ಕಳ್ಸಿ. ಬಂದವ್ರು ಏದುಸಿರು ಬಿಡ್ತಾ "ಸಾಕಪ್ಪಾ" ಅಂದ್ರೆ ಬೇರೆ ಮನೆ ನೋಡಿ. ಅಂಗಡಿಯವ್ರ ಊರು ಯಾವ್ದು ಅಂತ ಕೇಳ್ಕೊಂಡು ಬಂದಿದ್ರೆ ಅಡ್ವಾನ್ಸ್ ಕೊಟ್ಬಿಡಿ.