ಲಾಮಿಯೆನ್ (ಕೈಯಲ್ಲೇ ಎಳೆದು ಮಾಡುವ ಚೀನೀ ನೂಡಲ್ಸ್) ಎಳೆಯುವಾಗ ಹಿಟ್ಟು ಹರಿದು ಹೋಗುತ್ತಿದೆ, ಯಾವ ಕಂಪನಿಯ ಮೈದಾ ತರಲಿ?

ಮೈದಾ ಬದಲಾಯಿಸಬೇಡಿ. ನಾನು ಮೂರು ಕಂಪನಿಯದ್ದು ತಂದು ನೋಡಿದೆ, ಮೂರೂ ಹರಿದವು. ತಪ್ಪು ಇದ್ದದ್ದು ಬೇರೆ ಕಡೆ. ಎಳೆ ತುಂಡಾದ ಕೂಡಲೇ ಎಲ್ಲವನ್ನೂ ಒಟ್ಟು ಸೇರಿಸಿ, ಉಂಡೆ ಕಟ್ಟಿ, ಚೆನ್ನಾಗಿ ನಾದಿ, ಆಗಲೇ ಮತ್ತೆ ಎಳೆಯುತ್ತಿದ್ದೆ.

ಇದನ್ನು ಬಿಡಿಸಿ ಹೇಳಬೇಕು, ನೀವೂ ಇದನ್ನೇ ಮಾಡುತ್ತಿರಬಹುದು. ನಾದಿದಷ್ಟೂ ಮೈದಾದಲ್ಲಿರುವ ಗ್ಲುಟೆನ್ ಎಂಬ ಅಂಟು ಬಿಗಿಯುತ್ತದೆ. ಬಿಗಿದ ಹಿಟ್ಟು ಎಳೆದರೆ ರಬ್ಬರಿನಂತೆ ಹಿಂದಕ್ಕೆ ಜಗ್ಗುತ್ತದೆ, ಬಲವಂತ ಮಾಡಿದರೆ ಹರಿಯುತ್ತದೆ. ಮುಚ್ಚಿಟ್ಟು ಸುಮ್ಮನೆ ಬಿಟ್ಟಾಗ ಮಾತ್ರ ಆ ಬಿಗಿ ಸಡಿಲುತ್ತದೆ. ಎರಡು ಗಂಟೆ ಕಾದು ಸಡಿಲವಾದದ್ದು ಅರ್ಧ ನಿಮಿಷ ನಾದಿದರೆ ಮತ್ತೆ ಮೊದಲಿನಂತೆ. ಸಾಲದ್ದಕ್ಕೆ ಕೈಗೆ ಅಂಟುತ್ತದೆಂದು ಒಣ ಹಿಟ್ಟು ಉದುರಿಸುತ್ತಿದ್ದೆ, ಅದರಿಂದ ಹಿಟ್ಟು ಇನ್ನಷ್ಟು ಗಟ್ಟಿ. ಒಬ್ಬಟ್ಟಿನ ಕಣಕ ನೆನಪಿಸಿಕೊಳ್ಳಿ: ಎಣ್ಣೆಯಲ್ಲಿ ಗಂಟೆಗಟ್ಟಲೆ ನೆನೆದ ಮೇಲೇ ಅದು ಹರಿಯದೆ ಹಿಗ್ಗುವುದು.

ಇನ್ನೊಂದು ಮಾತು. ಲಾಮಿಯೆನ್‌ನಿಂದ ಶುರು ಮಾಡುವುದೇ ಸರಿಯಲ್ಲ. ಚೀನಾದ ಗಾನ್ಸು ಪ್ರಾಂತ್ಯದ ಲಾನ್‌ಜೋದಲ್ಲಿ ಲಾಮಿಯೆನ್ ಹಿಟ್ಟಿಗೆ ಪೆಂಗ್‌ಹುಯಿ ಎಂಬ ಕ್ಷಾರ ಸೇರಿಸುತ್ತಾರೆ. ಹಿಂದೆ ಅದು ಒಂದು ಬಗೆಯ ಮರುಭೂಮಿ ಗಿಡ ಸುಟ್ಟ ಬೂದಿ, ಈಗ ಪುಡಿಯಾಗಿ ಸಿಗುತ್ತದೆ. ಹಿಟ್ಟು ಅಷ್ಟು ಸಣ್ಣ ಎಳೆಯಾಗಿ ಹಿಗ್ಗುವುದು ಅದರ ಬಲದಿಂದ. ಒಂದೊಂದು ಮಡಿಕೆಗೂ ಎಳೆ ದುಪ್ಪಟ್ಟು, ಏಳನೆಯದಕ್ಕೆ 128. ಅಡುಗೆ ಸೋಡ ಹಾಕಿ ಆ ಕೆಲಸ ಆಗುವುದಿಲ್ಲ.

ಕ್ಷಾರವೇ ಬೇಡದ ಬಿಯಾಂಗ್‌ಬಿಯಾಂಗ್ ನೂಡಲ್ಸ್ ಮಾಡಿ. ಚೀನಾದ ಶಿಆನ್ ನಗರದ ಕಡೆಯದು, ಸೊಂಟಪಟ್ಟಿಯಷ್ಟು ಅಗಲ. (ಆ ಹೆಸರಿನ ಚೀನೀ ಅಕ್ಷರಕ್ಕೆ 50ಕ್ಕೂ ಹೆಚ್ಚು ಗೆರೆ!) 300 ಗ್ರಾಂ ಮೈದಾ, 150 ಗ್ರಾಂ ನೀರು, 3 ಗ್ರಾಂ ಉಪ್ಪು. ನೀರನ್ನೂ ತೂಕ ಮಾಡಿ, ಲೋಟದ ಅಳತೆ ನಂಬಬೇಡಿ. ಕಲಸಿದಾಗ ತರಿತರಿಯಾಗಿರುತ್ತದೆ, ಗಾಬರಿಯಾಗಿ ನೀರು ಹಾಕಬೇಡಿ. 15 ನಿಮಿಷ ಮುಚ್ಚಿಟ್ಟು ನಾದಿ, ಹೀಗೆ ಮೂರು ಸಲ. ಮೂರನೆಯ ಸಲಕ್ಕೆ ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗೆ, ನುಣುಪಾಗಿರುತ್ತದೆ. ಆರು ಭಾಗ ಮಾಡಿ, ಅಂಗೈ ಉದ್ದಕ್ಕೆ ತಟ್ಟಿ, ಎಣ್ಣೆ ಸವರಿ, ಮುಚ್ಚಿ 2 ಗಂಟೆ ಬಿಡಿ. ಆಮೇಲೆ ನಾದುವ ಮಾತೇ ಇಲ್ಲ.

ನೀರು ಕುದಿಯುತ್ತಿರಲಿ. ಒಂದು ಭಾಗವನ್ನು ಕೈಯಿಂದ ಒತ್ತಿ ಹರಡಿ, ನಡುವೆ ಉದ್ದಕ್ಕೂ ಚಾಪ್‌ಸ್ಟಿಕ್‌ನಿಂದ ಗೆರೆ ಒತ್ತಿ. ಎರಡೂ ತುದಿ ಹಿಡಿದು ನಿಧಾನಕ್ಕೆ ಎಳೆಯುತ್ತಾ, ನಡುಭಾಗ ಕಟ್ಟೆಗೆ ಬಡಿಯುವಂತೆ ಮೇಲೆ ಕೆಳಗೆ ಆಡಿಸಿ. ಹಿಂದಕ್ಕೆ ಜಗ್ಗಿತೋ, ಅಲ್ಲೇ ನಿಲ್ಲಿಸಿ ಇನ್ನೂ ಅರ್ಧ ಗಂಟೆ ಬಿಡಿ. ತೋಳಗಲ ಬಂದ ಮೇಲೆ ಗೆರೆಯ ಗುಂಟ ಸೀಳಿದರೆ ದೊಡ್ಡ ಬಳೆಯಂತಾಗುತ್ತದೆ. ಎರಡು ನಿಮಿಷ ಬೇಯಿಸಿ ಬಟ್ಟಲಿಗೆ ಹಾಕಿ. ಸೋಯಾ ಸಾಸ್, ಕಪ್ಪು ವಿನೆಗರ್, ಮೇಲೆ ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ತರಿ ಮೆಣಸಿನಪುಡಿ ಗುಡ್ಡೆ ಹಾಕಿ, ಅದರ ಮೇಲೆ ಮೂರು ಚಮಚ ಕಾದ ಎಣ್ಣೆ. ಚುರ್ ಎನ್ನದಿದ್ದರೆ ಎಣ್ಣೆ ಕಾದಿಲ್ಲ, ಬೆಳ್ಳುಳ್ಳಿ ಹಸಿಯಾಗೇ ಉಳಿಯುತ್ತದೆ.

ಈಗಾಗಲೇ ಹರಿದಿರುವ ಹಿಟ್ಟು ಎಸೆಯಬೇಡಿ. ಒಂದು ಗಂಟೆ ಮುಚ್ಚಿಟ್ಟು, ತೆಳ್ಳಗೆ ಲಟ್ಟಿಸಿ ಚಾಕುವಿನಲ್ಲಿ ಹೆಚ್ಚಿ. ಅದೂ ಒಳ್ಳೆಯ ನೂಡಲ್ಸೇ.