ಮನೆ ಇನ್‌ಸ್ಪೆಕ್ಷನ್ ದಿನ ಏನೇನು ನಡೆಯುತ್ತದೆ? ನಾವು ಅಲ್ಲಿರಬೇಕಾ?

ಇರಲೇಬೇಕು. ಹಳೆ ಮನೆಯೊಂದನ್ನು ಕೊಳ್ಳುವ ಮುಂಚೆ ಇನ್‌ಸ್ಪೆಕ್ಷನ್ ಮಾಡಿಸುತ್ತಿದ್ದೀರಿ. ಎಷ್ಟು ಹೊತ್ತು ಹಿಡಿಯುತ್ತದೆ, ಏನೇನು ನೋಡುತ್ತಾರೆ, ಮನೆ ಫೇಲಾದರೆ ಏನು ಗತಿ ಅಂತ ಕೇಳಿದ್ದೀರಿ. ನಾನು ಸಿವಿಲ್ ಎಂಜಿನಿಯರ್. ಕೊಳ್ಳುವವರ ಪರವಾಗಿ ಮನೆ ನೋಡಿ ರಿಪೋರ್ಟ್ ಬರೆಯುವುದೇ ನನ್ನ ಕೆಲಸ.

ಮೊದಲಿಗೆ, ಇದರಲ್ಲಿ ಪಾಸು ಫೇಲು ಅಂತ ಏನಿಲ್ಲ. ದೋಷವೇ ಇಲ್ಲದ ಮನೆ ನನಗಂತೂ ಇನ್ನೂ ಸಿಕ್ಕಿಲ್ಲ, ಹೊಚ್ಚ ಹೊಸದರಲ್ಲೂ ಏನಾದರೊಂದು ಇದ್ದೇ ಇರುತ್ತದೆ. ರಿಪೋರ್ಟ್ ಪುಟಗಟ್ಟಲೆ ಇದ್ದರೆ ಗಾಬರಿಯಾಗಬೇಡಿ. ಅದರಲ್ಲಿ ಸಡಿಲವಾದ ಚಿಲಕವೂ ಒಂದು ಸಾಲು, ಸೋರುವ ತಾರಸಿಯೂ ಒಂದು ಸಾಲು. ಯಾವುದಕ್ಕೆ ಎಷ್ಟು ತೂಕ ಅನ್ನುವುದು ಜೊತೆಯಲ್ಲಿ ಓಡಾಡಿ ಕೇಳಿದಾಗಲೇ ಗೊತ್ತಾಗುವುದು. ಅದಕ್ಕೇ ಇರಿ ಅಂದೆ.

ಸಾಧಾರಣ ಮನೆಗೆ 2ರಿಂದ 4 ಗಂಟೆ ಬೇಕು. ಅರ್ಧ ಗಂಟೆಯಲ್ಲಿ ಮುಗಿಸಿ ಹೊರಟರೆ ಸುಮ್ನೆ ಒಂದು ಸುತ್ತು ಹಾಕಿದ್ದಾರೆ ಅಂತಲೇ ಅರ್ಥ. ಹೊರಗಿನಿಂದ ಶುರು ಮಾಡುತ್ತೇವೆ. ಮಳೆ ನೀರು ಎತ್ತ ಹರಿಯುತ್ತದೆ, ನೆಲದ ಇಳಿಜಾರು ಗೋಡೆಯ ಕಡೆಗಿದೆಯಾ, ತಾರಸಿಯಲ್ಲಿ ನೀರು ನಿಂತ ಗುರುತಿದೆಯಾ ಅಂತ ನೋಡಿ, ಆಮೇಲೆ ಒಳಗೆ.

ನನ್ನ ಜಾಸ್ತಿ ಹೊತ್ತು ಹೋಗುವುದು ನೀರಿನ ಹಿಂದೆ. ಬಚ್ಚಲಿನ ಗೋಡೆಯ ಇನ್ನೊಂದು ಬದಿಗೆ ಹೋಗಿ, ನೆಲದಿಂದ ಒಂದಡಿ ಎತ್ತರದವರೆಗೆ ನೋಡಿ. ಬಣ್ಣ ಗುಳ್ಳೆ ಎದ್ದಿದೆಯಾ? ಉಗುರಲ್ಲಿ ಕೆರೆದರೆ ಬಿಳಿ ಪುಡಿ ಉದುರುತ್ತದಾ? ಅದು ಉಪ್ಪು. ತೇವ ಗೋಡೆಯೊಳಗಿನ ಉಪ್ಪನ್ನು ಕರಗಿಸಿ ಹೊರಗೆ ತಂದು, ತಾನು ಆರಿಹೋಗಿರುತ್ತದೆ. ಅಲ್ಲಿ ತೇವ ಅಳೆಯುವ ಮೀಟರ್ ಇಡುತ್ತೇನೆ. ಈಗಲೂ ಜಾಸ್ತಿ ತೋರಿಸಿದರೆ ನೀರು ಇನ್ನೂ ಬರುತ್ತಲೇ ಇದೆ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಪೈಪೋ, ಟೈಲ್ಸ್ ಸಂದೋ, ಹೊರಗಿನ ಮಳೆಯೋ ಅಂತ ಹುಡುಕಬೇಕು. ಮನೆಗೆಲ್ಲ ಹಳೇ ಬಣ್ಣ, ಚಾವಣಿಯ ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಅಂದರೆ ಮಾಲೀಕರನ್ನು ಕೇಳಲೇಬೇಕು, ಅಲ್ವಾ?

ಬಿರುಕು ಕಂಡರೆ ಎಲ್ಲರೂ ಹೆದರುತ್ತಾರೆ. ಪ್ಲಾಸ್ಟರ್ ಮೇಲೆ ಕೂದಲೆಳೆಯಂಥ ಗೆರೆಗಳು ಸಾಮಾನ್ಯ, ಸಿಮೆಂಟ್ ಒಣಗುವಾಗ ಕುಗ್ಗಿ ಬರುತ್ತವೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಒಂದು ತುದಿಯಲ್ಲಿ ಅಗಲವಾಗಿ, ಗೋಡೆಯ ಆಚೆ ಬದಿಯಲ್ಲೂ ಅದೇ ಜಾಗದಲ್ಲಿ ಕಂಡರೆ ಕಥೆಯೇ ಬೇರೆ. ಅಲ್ಲೇ ಪಕ್ಕದ ಬಾಗಿಲೂ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದರೆ ಪಾಯ ಕುಸಿದಿರಬಹುದು. ಅಂಥದ್ದಕ್ಕೆ ನಾನು ಅಲ್ಲೇ ತೀರ್ಪು ಕೊಡುವುದಿಲ್ಲ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ ಅಂತ ಬರೆಯುತ್ತೇನೆ.

ಕರೆಂಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೇನ್ ಬೋರ್ಡ್ ಮುಚ್ಚಳ ತೆಗೆದು ಸುಟ್ಟ ಗುರುತು ನೋಡುತ್ತೇವೆ, ಪ್ಲಗ್ಗುಗಳಲ್ಲಿ ಅರ್ಥಿಂಗ್ ಪರೀಕ್ಷಿಸುತ್ತೇವೆ, ಆರ್‌ಸಿಸಿಬಿಯ (ಕರೆಂಟು ಸೋರಿದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್ಚು) ಟೆಸ್ಟ್ ಬಟನ್ ಒತ್ತುತ್ತೇವೆ. ಜನರ ಜೀವ ಕಾಯಲು ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು. ಬಟನ್ ಒತ್ತಿದರೂ ಅದು ಬೀಳದಿದ್ದರೆ ತಕ್ಷಣ ಬದಲಿಸಬೇಕು. ಸಣ್ಣ ವೈರಿಗೆ ದೊಡ್ಡ ಎಂಸಿಬಿ (ಕರೆಂಟು ಮಿತಿ ಮೀರಿ ಹರಿದರೆ ತಾನೇ ಬೀಳುವ ಸ್ವಿಚ್ಚು) ಹಾಕಿರುವುದನ್ನೂ ಹುಡುಕುತ್ತೇವೆ. ಹಾಗಿದ್ದರೆ ಎಂಸಿಬಿ ಬೀಳುವ ಮುಂಚೆ ವೈರೇ ಕಾದು ಕರಗಬಹುದು.

ನಾವು ಗೋಡೆ ಒಡೆಯುವುದಿಲ್ಲ, ಟೈಲ್ಸ್ ಎಬ್ಬಿಸುವುದಿಲ್ಲ, ತುಂಬಿದ ಬೀರು ಸರಿಸುವುದಿಲ್ಲ. ಕಣ್ಣಿಗೆ ಬೀಳುವುದು, ಕೈಗೆ ಎಟಕುವುದು ಇಷ್ಟೇ ನಮ್ಮ ವ್ಯಾಪ್ತಿ. ಗೆದ್ದಲಿಗೆ ಎಷ್ಟೋ ಕಡೆ ಬೇರೆಯವರನ್ನೇ ಕರೆಸಬೇಕು. ಕಾಗದ ಪತ್ರ ವಕೀಲರ ಪಾಲು. ಆದ್ದರಿಂದ ಹಿಂದಿನ ದಿನವೇ ಮಾಲೀಕರಿಗೆ ಫೋನ್ ಮಾಡಿ. ನೀರು, ಕರೆಂಟು ಎರಡೂ ಇರಲಿ, ತಾರಸಿ ಬೀಗದ ಕೈ ಸಿಗಲಿ, ಮೀಟರ್ ಬೋರ್ಡ್ ಮುಂದಿನ ಸಾಮಾನು ತೆಗೆದಿರಲಿ. ನಲ್ಲಿಯಲ್ಲಿ ನೀರಿಲ್ಲದ ದಿನ ಬಂದರೆ ಅರ್ಧ ಕೆಲಸ ಆಗುವುದೇ ಇಲ್ಲ.

ಬ್ರೋಕರ್ ಕರೆತಂದವರನ್ನು ಒಪ್ಪಬೇಡಿ, ನೀವೇ ಹುಡುಕಿ. ವ್ಯಾಪಾರ ಕುದುರಿದರೆ ಬ್ರೋಕರ್‌ಗೆ ಕಮಿಷನ್, ಲೆಕ್ಕ ಅಷ್ಟೇ. "ಈ ರಿಪೇರಿ ನಾನೇ ಮಾಡಿಕೊಡ್ತೀನಿ ಬಿಡಿ" ಅನ್ನುವ ಇನ್‌ಸ್ಪೆಕ್ಟರ್ ಬಗ್ಗೆಯೂ ಹುಷಾರು.

ಫೋಟೋ ಸಮೇತ ರಿಪೋರ್ಟ್ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕೈಸೇರುತ್ತದೆ. ಅದನ್ನಿಟ್ಟುಕೊಂಡು ರಿಪೇರಿ ಮಾಡಿಸಿ ಕೊಡಿ ಅನ್ನಬಹುದು, ಬೆಲೆ ಇಳಿಸಿ ಅನ್ನಬಹುದು, ಬೇಡವೆಂದು ಎದ್ದೂ ಬರಬಹುದು. ಚಿಲಕ, ನಲ್ಲಿ, ಬಣ್ಣಕ್ಕೆಲ್ಲ ಚೌಕಾಸಿ ಮಾಡಲು ಹೋಗಬೇಡಿ. ಮಾಲೀಕರಿಗೆ ರೇಗಿ, ತಾರಸಿಯ ಮಾತು ಅದರಲ್ಲೇ ಮುಳುಗಿಹೋಗುತ್ತದೆ. ರಿಪೇರಿಗೆ ಒಪ್ಪಿದರೆ ಅದನ್ನು ಬರವಣಿಗೆಯಲ್ಲಿ ಪಡೆಯಿರಿ. ಕೆಲಸ ಮುಚ್ಚಿಹೋಗುವ ಮುಂಚೆ ಫೋಟೋ ಕೇಳಿ, ಕೊನೆ ಕಂತು ಕೊಡುವ ಮುಂಚೆ ಅದೇ ಇನ್‌ಸ್ಪೆಕ್ಟರ್‌ಗೆ ಇನ್ನೊಮ್ಮೆ ತೋರಿಸಿ.